ಗಾಡಿಯ ಕೆಳಗಿನ ನೆಲ

ನಿಂತ ಗಾಡಿ ಕಂಡರೆ ಬಗ್ಗಿ ಅದರ ಅಡಿ ನೋಡುವ ಚಟ ನನಗೆ ಅಂಟಿಕೊಂಡಿದೆ. ನನ್ನದೇ ಗಾಡಿ ಆಗಬೇಕೆಂದಿಲ್ಲ. ಉಮರ್ಗಾದ ಬಸ್‌ಸ್ಟ್ಯಾಂಡಿನ ಹೊರಗೆ ನಿಂತ ಜೀಪು, ಮದುವೆ ಮನೆಯ ಮುಂದೆ ಹೂ ಕಟ್ಟಿಸಿಕೊಂಡು ನಿಂತ ಕಾರು, ಯಾವುದಾದರೂ ಸರಿ. ಒಮ್ಮೆ ಗುಂಜೋಟಿಯಲ್ಲಿ ನೆಂಟರ ಮನೆಯ ಮುಂದೆ ಹೀಗೆ ಬಗ್ಗಿದ್ದಾಗ ಒಳಗಿನಿಂದ ಬಂದ ಹಿರಿಯರೊಬ್ಬರು, ನಾನು ಏನೋ ಕಳೆದುಕೊಂಡಿದ್ದೇನೆಂದು ತಿಳಿದು ತಾವೂ ಮೊಣಕಾಲೂರಿ ಹುಡುಕತೊಡಗಿದರು. ಏನು ಕಳೆದಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಹುಡುಕಿ ಇಬ್ಬರೂ ಎದ್ದು ಧೂಳು ಕೊಡವಿಕೊಂಡು ಊಟಕ್ಕೆ ಹೋದೆವು.

ಕಳೆದದ್ದು ಏನೂ ಇರಲಿಲ್ಲ ಎಂದಲ್ಲ. ಆಗ ನನ್ನ ಪಿಕಪ್ ಗಾಡಿಯಲ್ಲಿ ಬ್ರೇಕ್ ಆಯಿಲ್ ದಿನವೂ ಕಳೆಯುತ್ತಿತ್ತು. ಅದರ ಜೊತೆಗೆ ನನ್ನ ನೆಮ್ಮದಿಯೂ.

ನನ್ನದು ಬಾರದಾನದ ವ್ಯಾಪಾರ. ಹಳೆಯ ಗೋಣಿಚೀಲ ಕೊಳ್ಳುವುದು, ತೂತು ಹೊಲಿಸುವುದು, ಮತ್ತೆ ಮಾರುವುದು. ಉಮರ್ಗಾ, ನಿಲಂಗಾಗಳ ಧಾನ್ಯದ ಅಡತಿ ಅಂಗಡಿಗಳಿಂದ ಚೀಲ ಎತ್ತಿ ಉದಗೀರದ ದಾಲ್ ಮಿಲ್ಲುಗಳಿಗೆ ಹಾಕುತ್ತೇನೆ. ಅಪ್ಪ ಇದೇ ವ್ಯಾಪಾರ ಹಿಡಿದು ಆಳಂದದ ಕಡೆಯಿಂದ ಬಂದವರು. ಸಾಸ್ತೂರಿನ ಅವ್ವನನ್ನು ಮದುವೆಯಾಗಿ ಇಲ್ಲೇ ನಿಂತರು. ಚೀಲವನ್ನು ಬಿಸಿಲಿಗೆ ಹಿಡಿದರೆ ಸಾಕು, ತೂತು ಎಲ್ಲಿದೆ ಎಂದು ನನ್ನ ಕಣ್ಣಿಗೆ ತಾನಾಗಿ ಕಾಣುತ್ತದೆ. ತೂತು ಹುಡುಕುವುದೇ ನನ್ನ ಹೊಟ್ಟೆಪಾಡು. ಅಂಥವನಿಗೆ ತನ್ನ ಗಾಡಿಯ ತೂತು ಸಿಗಲಿಲ್ಲವೆಂದರೆ ಅದೆಂಥ ಅವಮಾನ, ನೀವೇ ಯೋಚಿಸಿ.

ಬಾನೆಟ್ ಎತ್ತಿದರೆ ಒಳಗೆ ಒಂದು ಬಿಳಿಯ ಪ್ಲಾಸ್ಟಿಕ್ ಬಾಟಲಿ. ಅದರ ಮೇಲೆ ಎರಡು ಗೆರೆ. ಎಣ್ಣೆ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಇರಬೇಕು. ಹಿಂದಿನ ದಿನ ಮೇಲಿನ ಗೆರೆ ಮುಟ್ಟಿಸಿದ ಎಣ್ಣೆ ಮರುದಿನ ಒಂದಿಷ್ಟು ಇಳಿದಿರುತ್ತಿತ್ತು. ಮೊದಮೊದಲು ನನ್ನ ಕಣ್ಣೇ ಸರಿಯಿಲ್ಲ ಎಂದುಕೊಂಡೆ. ಕನ್ನಡಕ ಒರೆಸಿಕೊಂಡು ನೋಡಿದೆ. ಕನ್ನಡಕ ತೆಗೆದು ನೋಡಿದೆ. ಹೇಗೆ ನೋಡಿದರೂ ಇಳಿದಿತ್ತು.

ಬ್ರೇಕ್ ಆಯಿಲ್ ಎಂದು ಹೆಸರೇನೋ ಇದೆ, ಆದರೆ ಅದು ಎಣ್ಣೆಯ ಜಾತಿಯದ್ದಲ್ಲ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ನೆಲಕ್ಕೆ ಬಿದ್ದರೆ ಕಲೆಯಾಗಿ ಎಷ್ಟೋ ದಿನ ಉಳಿದು ಸಾಕ್ಷಿ ಹೇಳುತ್ತದೆ. ಇದು ಹಾಗಲ್ಲ. ನೀರು ಕಂಡರೆ ಅದರಲ್ಲಿ ಕಲೆತು ಹೋಗಿಬಿಡುತ್ತದೆ. ಆದರೆ ಕೆಲಸ ಮಾತ್ರ ದೊಡ್ಡದು. ನಾವು ಕಾಲಿನಿಂದ ಒತ್ತಿದ ಭಾರವನ್ನು ಸಪೂರ ಕೊಳವೆಯಲ್ಲಿ ಹೊತ್ತು ನಾಲ್ಕೂ ಗಾಲಿಗೆ ಮುಟ್ಟಿಸುತ್ತದೆ. ಕೊಳವೆಯಲ್ಲಿ ಅದು ಇಲ್ಲವಾದರೆ ಕಾಲು ಎಷ್ಟು ಒತ್ತಿದರೂ ಗಾಲಿಗೆ ಸುದ್ದಿ ಹೋಗುವುದಿಲ್ಲ. ಈ ವಿಚಾರ ತಿಳಿಯದ ಕಾಲದಲ್ಲಿ ನಾನು ಎಷ್ಟು ಸುಖವಾಗಿ ಗಾಡಿ ಓಡಿಸುತ್ತಿದ್ದೆ. ತಿಳಿದ ಮೇಲೆ ಪ್ರತಿ ಸಲ ಪೆಡಲ್ ಒತ್ತುವಾಗಲೂ ಜೀವ ಅಂಗಾಲಿಗೆ ಬಂದು ಕೂರುತ್ತಿತ್ತು.

ತರ್ಕಶಾಸ್ತ್ರ ಓದುವವರಿಗೆ ಮೊದಲ ಪಾಠವೇ ಬೆಟ್ಟದ ಮೇಲಿನ ಹೊಗೆಯಂತೆ. ಹೊಗೆ ಕಂಡರೆ ಬೆಂಕಿ ಇದೆ ಎಂದು ತಿಳಿಯಬೇಕು. ಆ ಪಂಡಿತರಿಗೆ ಕೈ ಮುಗಿಯುತ್ತೇನೆ, ಆದರೆ ಅವರ ಬೆಟ್ಟದಲ್ಲಿ ಹೊಗೆಯಾದರೂ ಕಾಣುತ್ತಿತ್ತು. ನನ್ನ ಗಾಡಿಯಲ್ಲಿ ಗಾಲಿ ಒಣಗಿತ್ತು, ಕೊಳವೆ ಒಣಗಿತ್ತು, ಅಂಗಳದ ನೆಲವಂತೂ ಬೆಳಬೆಳಗ್ಗೆ ಸಗಣಿ ನೀರು ಚಿಮುಕಿಸಿಕೊಂಡು ಮಡಿಯಾಗಿ ನಗುತ್ತಿತ್ತು. ಎಣ್ಣೆ ಮಾತ್ರ ಹೋಗುತ್ತಿತ್ತು.

ಉಮರ್ಗಾದ ಮೆಕ್ಯಾನಿಕ್ ಗಾಲಿಗಳನ್ನು ತಟ್ಟಿ ನೋಡಿ, ಕೊಳವೆಗಳಲ್ಲಿನ ಹವಾ ತೆಗೆದು, ‘ಇನ್ನ ಆರಾಮ ಹೋಗ್ರಿ’ ಅಂದ. ಆರಾಮ ಹೋದದ್ದು ನಿಜ, ಆದರೆ ಅದು ನನ್ನದು. ನಿಲಂಗಾದವನು ಎಂಜಿನ್ ಚಾಲೂ ಮಾಡಿಸಿ ಹೊಗೆಯನ್ನು ಮೂಸಿ, ಮರಾಠಿಯಲ್ಲಿ, ‘ಬೂಸ್ಟರ್ ಪಿತೋಯ, ಮಾಲಕ’ ಎಂದ. ಬ್ರೇಕಿಗೆ ಬಲ ಕೊಡುವ ಡಬ್ಬಿಯೇ ಗುಟ್ಟಾಗಿ ಎಣ್ಣೆ ಕುಡಿಯುತ್ತಿದೆ ಎಂದರ್ಥ. ಬಿಚ್ಚಿ ನೋಡಿದರೆ ಅದು ಶುದ್ಧ ನಿರ್ವ್ಯಸನಿ. ಎಣ್ಣೆಗೆ ಮೀನಿನಂಥ ವಾಸನೆ ಇರುತ್ತದೆ, ಅದರ ಮೇಲೆ ಹುಡುಕಿ ಎಂದೂ ಅವನೇ ಹೇಳಿಕೊಟ್ಟ. ನಮ್ಮ ಮನೆಯಲ್ಲಿ ಮೀನಿನ ಮಾತೇ ಇಲ್ಲ. ಹೀಗಾಗಿ ನಾನು ಪಾಠವನ್ನು ತಿರುವುಮುರುವಾಗಿ ಕಲಿತೆ. ಬಾಟಲಿಯ ಮುಚ್ಚಳ ತೆಗೆದು ಮೂಸಿ ಮೂಸಿ, ಸಂತೆಯಲ್ಲಿ ಮೀನಿನವರ ಮುಂದೆ ಹಾದರೆ ಬ್ರೇಕ್ ಆಯಿಲ್ ನೆನಪಾಗಿ ಎದೆ ಧಸಕ್ಕೆನ್ನುವ ಮಟ್ಟಕ್ಕೆ ಬಂದೆ. ಇನ್ನು ಉದಗೀರದ ಮೆಕ್ಯಾನಿಕ್ ಮೊದಲು ಗಾಡಿಯ ಹೊಟ್ಟೆಯನ್ನೆಲ್ಲ ನೀರಿನ ಪೈಪು ಹಿಡಿದು ತೊಳೆಸಿದ. ಆಮೇಲೆ ಕೆಳಗೆ ತೂರಿ, ಎಲ್ಲೂ ಒಂದು ಹನಿಯ ಗುರುತಿಲ್ಲ ಎಂದು ಆಶ್ಚರ್ಯಪಟ್ಟ. ನಾನೂ ಅವನ ಜೊತೆಗೆ ಆಶ್ಚರ್ಯಪಟ್ಟೆ. ತೊಳೆದದ್ದು ನಾವೇ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಬರೀ ಚೀಲ ಹೊರುವ ಗಾಡಿಯಾಗಿದ್ದರೆ ನಾನು ಇಷ್ಟು ಸೊರಗುತ್ತಿರಲಿಲ್ಲ. ಗೋಣಿಚೀಲ ಬಿದ್ದರೆ ಏಳುತ್ತದೆ. ನಮ್ಮ ಮಗಳು ರೇಣುಕಾಳನ್ನು ಜಳಕೋಟಕ್ಕೆ ಕೊಟ್ಟಿದ್ದೇವೆ. ಅವಳು ಚೊಚ್ಚಲ ಬಸುರಿ. ತಿಂಗಳು ತುಂಬುತ್ತ ಬಂದಿತ್ತು, ಬಾಣಂತನಕ್ಕೆ ಕರೆತರುವ ದಿನ ಗೊತ್ತಾಗಿತ್ತು. ಉದಗೀರ ದಾಟಿ ಜಳಕೋಟದ ಕಡೆ ಹೊರಳಿದರೆ ದಾರಿ ಏರುತ್ತದೆ, ಇಳಿಯುತ್ತದೆ. ಬರುವಾಗಿನ ಒಂದು ಇಳಿಜಾರು ನನ್ನ ಕಣ್ಣಿಗೆ ಹಗಲೂ ಕಟ್ಟಿಕೊಂಡಿತ್ತು. ಪಕ್ಕದ ಸೀಟಿನಲ್ಲಿ ರೇಣು, ಅವಳ ಹೊಟ್ಟೆಯಲ್ಲಿ ಇನ್ನೂ ಹೆಸರಿಲ್ಲದ ಒಂದು ಜೀವ, ನನ್ನ ಕಾಲಡಿ ಸುದ್ದಿ ಮುಟ್ಟಿಸದ ಪೆಡಲ್.

ಬಾಡಿಗೆಗೆ ಒಂದು ಜೀಪು ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಬಹುದಿತ್ತು, ಆದರೆ ಯಾಕೆ ಎಂದು ಮನೆಯಲ್ಲಿ ಹೇಳಬೇಕಾಗುತ್ತಿತ್ತು. ನಾನು ಹೆಂಡತಿ ಸರೋಜಾಳಿಗೂ ಹೇಳಿರಲಿಲ್ಲ, ಅವ್ವನಿಗಂತೂ ಹೇಳುವ ಹಾಗೇ ಇರಲಿಲ್ಲ.

ನಮ್ಮದು ಭೂಕಂಪದ ನಂತರ ಕಟ್ಟಿದ ಹೊಸ ಸಾಸ್ತೂರು. ಅದಾಗಿ ಎಷ್ಟೋ ವರ್ಷವಾಯಿತು. ಆದರೂ ಮನೆಯಲ್ಲಿ ಭೂಕಂಪದ ಹೆಸರನ್ನು ಯಾರೂ ಎತ್ತುವುದಿಲ್ಲ. ‘ಅವತ್ತು’ ಎನ್ನುತ್ತೇವೆ, ಅಷ್ಟಕ್ಕೇ ಎಲ್ಲರಿಗೂ ತಿಳಿಯುತ್ತದೆ. ಅವ್ವ ಅವತ್ತು ತನ್ನ ತಂಗಿಯನ್ನು ಕಳೆದುಕೊಂಡಳು. ಇಂದಿಗೂ ಮೇಲಿನ ಹಲಗೆಯಿಂದ ಡಬ್ಬಿ ಜಾರಿ ಬಿದ್ದರೆ ಅವಳ ಕೈ ಗೋಡೆ ಹಿಡಿಯುತ್ತದೆ. ಅಂಥವಳ ಮುಂದೆ, ಮೊಮ್ಮಗಳನ್ನು ತರುವ ಗಾಡಿ ನಂಬುವ ಹಾಗಿಲ್ಲ ಎಂದು ಹೇಗೆ ಹೇಳಲಿ?

ಅವ್ವನಿಗೆ ಒಂದು ಹಟವಿದೆ. ಓಣಿಯ ಎಲ್ಲ ಮನೆಗಳ ಅಂಗಳಕ್ಕೂ ಫರಸಿ ಕಲ್ಲೋ ಸಿಮೆಂಟೋ ಬಂದಿದೆ. ನಮ್ಮದು ಮಾತ್ರ ಮಣ್ಣಿನದು. ನಾನು ಫರಸಿಯ ಮಾತೆತ್ತಿದಾಗಲೆಲ್ಲ, ‘ಫರಸಿ ಹಾಸಿದ್ರ ಅಂಗಳ ಕುರುಡ ಆಗ್ತದ’ ಎಂದು ಬಾಯಿ ಮುಚ್ಚಿಸುತ್ತಾಳೆ. ಇನ್ನೂ ಮಬ್ಬು ಇರುವಾಗಲೇ ಎದ್ದು ಕಸ ಗುಡಿಸಿ ಸಗಣಿ ನೀರು ಚಿಮುಕಿಸುತ್ತಾಳೆ. ನಮ್ಮ ಕಡೆ ಇದಕ್ಕೆ ಸಡಾ ಹಾಕುವುದು ಎನ್ನುತ್ತಾರೆ. ಸೊಸೆಗೂ ಆ ಕೆಲಸ ಬಿಡುವುದಿಲ್ಲ. ಬೆನ್ನು ಬಾಗಿ ಈಗ ಅವಳು ಗಾಡಿಯ ಹೊಟ್ಟೆ ನೋಡಲು ಸರಿಯಾದ ಎತ್ತರಕ್ಕೆ ಬಂದಿದ್ದಾಳೆ. ಉದ್ದ ಕಸಬರಿಗೆಯಿಂದ ಗಾಡಿಯ ಅಡಿಯನ್ನೂ ಗುಡಿಸಿ ಅಲ್ಲಿಗೂ ನಾಲ್ಕು ಬೊಗಸೆ ಎರಚುತ್ತಾಳೆ. ನಾನು ಎದ್ದು ಬಂದು ಬಗ್ಗಿ ನೋಡುವ ಹೊತ್ತಿಗೆ ಅಂಗಳವೆಲ್ಲ ಒಂದೇ ಬಣ್ಣ.

ಒಂದು ಸಂಜೆ ನನಗೆ ಬುದ್ಧಿ ಬಂತು. ಗಾಡಿಯ ಕೆಳಗೆ ಒಂದು ಗೋಣಿಚೀಲ ಹಾಸಿಟ್ಟು, ಒಳಗೆ ಹೋಗಿ ಮಲಗಿದೆ. ಹನಿ ಬಿದ್ದರೆ ಚೀಲ ಹೇಳುತ್ತದಲ್ಲ. ಬೆಳಗ್ಗೆ ಹೋಗಿ ನೋಡಿದರೆ ಚೀಲವೇ ಇಲ್ಲ. ಅವ್ವ ಅದನ್ನು ಎತ್ತಿ, ಝಾಡಿಸಿ, ಮಡಚಿ, ಪಡಸಾಲೆಯಲ್ಲಿದ್ದ ಚೀಲಗಳ ರಾಶಿಗೆ ಸೇರಿಸಿಬಿಟ್ಟಿದ್ದಳು.

‘ಮಾಲ ಹಂಗ ನೆಲದಾಗ ಬಿಡ್ತಾರೇನೋ ಸಿದ್ದೂ’ ಎಂದು ನನಗೇ ಬೈದಳು. ಬೈಯುವಾಗ ನನ್ನ ಮುಖ ನೋಡಲಿಲ್ಲ. ಅದು ನನಗೆ ಆಗ ತಟ್ಟಲಿಲ್ಲ. ನಾನು ಆ ರಾಶಿಯ ಮುಂದೆ ಕೂತು ಚೀಲ ಒಂದೊಂದಾಗಿ ಮೂಸತೊಡಗಿದ್ದೆ. ಸರೋಜಾ ಚಹಾ ತಂದಿಟ್ಟು, ಸ್ವಲ್ಪ ಹೊತ್ತು ನಿಂತು ನೋಡಿ, ಏನೂ ಕೇಳದೆ ಒಳಗೆ ಹೋದಳು. ಗಂಡ ಗೋಣಿಚೀಲ ಮೂಸುವುದನ್ನು ಕಂಡೂ ಸುಮ್ಮನಿರುವ ಹೆಂಡತಿ ಪುಣ್ಯದಿಂದ ಸಿಗುತ್ತಾಳೆ. ಆದರೆ ಅವಳು ಸುಮ್ಮನಿದ್ದದ್ದು ಮರೆತು ಅಲ್ಲ ಎಂಬುದು ಮುಂದೆ ಗೊತ್ತಾಯಿತು.

ರೇಣುವನ್ನು ತರುವ ದಿನ ಹತ್ತಿರ ಬಂತು. ಸಂಜೆ ಊಟಕ್ಕೆ ಕೂತಿದ್ದೆವು. ಅವ್ವ ತಟ್ಟೆಯಿಂದ ತಲೆ ಎತ್ತದೆ ಅಂದಳು, ‘ರೇಣುನ್ನ ಇಲ್ಲಿಗಿ ತರೂದು ಬ್ಯಾಡ. ಉದಗೀರದಾಗ ದವಾಖಾನಿ ಚೊಲೊ ಅವ. ಅಲ್ಲೇ ಆಗ್ಲಿ.’

ರೊಟ್ಟಿ ಬಡಿಯುತ್ತಿದ್ದ ಸರೋಜಾಳ ಕೈ ನಿಂತಿತು. ‘ಅತ್ತಿ, ಚೊಚ್ಚಲ ಬಾಣಂತನ ತವರಮನ್ಯಾಗೇ ಆಗ್ಬೇಕಂತ ಹಟಾ ಹಿಡದವ್ರು ನೀವೇ ಅಲ್ಲೇನ್ರಿ?’

‘ಆಗ ಅಂದಿದ್ದೆ. ಈಗ ಬ್ಯಾಡ ಅಂತೀನಿ.’

ಆ ಇಳಿಜಾರು ನನ್ನ ಎದೆಯ ಮೇಲಿಂದ ಇಳಿದು ಹೋದಂತಾಯಿತು. ‘ಅವ್ವ ಅನ್ನೂದು ಖರೆ ಅದ’ ಎಂದೆ.

ಅವ್ವ ಈಗ ತಲೆ ಎತ್ತಿದಳು. ‘ನೀ ಯಾಕೋ ಇಷ್ಟ ಲಗೂ ಹ್ಞೂಂ ಅಂದಿ?’

ನಾನು ರೊಟ್ಟಿಗೆ ಕೈ ಚಾಚಿದೆ. ಸರೋಜಾ ರೊಟ್ಟಿಯ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ‘ತಾಯಿ ಮಗನ ಹೊಟ್ಟ್ಯಾಗ ಏನೋ ಅದ. ಇವ್ರು ಚೀಲಾ ಮೂಸ್ತಾರ, ನೀವು ಮುಂಜಾನಿ ಅಂಗಳದಾಗ ಒಬ್ಬರೇ ಮಾತಾಡ್ತೀರಿ. ಮೊದ್ಲ ಅದು ಹೊರಗ ಬರ್ಲಿ, ಆಮ್ಯಾಲ ರೊಟ್ಟಿ.’

ಹಸಿದವನು ಗುಟ್ಟು ಕಾಯಲಾರ. ನಾನೇ ಮೊದಲು ಸೋತೆ. ಎಣ್ಣೆ, ಗೆರೆ, ಮೂರು ಊರಿನ ಮೆಕ್ಯಾನಿಕ್‌ಗಳು, ಎಲ್ಲ ಹೇಳಿದೆ. ಸರೋಜಾ ಸಿಟ್ಟಿನಿಂದ ಕೇಳಿಸಿಕೊಂಡಳು. ಅವ್ವ ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಕೊನೆಗೆ, ‘ನಿಂದು ಗಾಡಿ ಮಾತು. ನಂದು ಬ್ಯಾರೆ ಅದ. ನಾಳಿ ಮುಂಜಾನಿ ತೋರಸ್ತೀನಿ’ ಎಂದು ಕೈ ತೊಳೆದು ಎದ್ದಳು.

ಮರುದಿನ ಬೆಳಕು ಹರಿಯುವಾಗ ಅವಳೇ ಬಂದು ಎಬ್ಬಿಸಿದಳು. ಕಸಬರಿಗೆ ಗೋಡೆಗೆ ಒರಗಿತ್ತು, ಸಗಣಿಯ ಬಕೀಟು ಹಾಗೇ ಇತ್ತು. ಗಾಡಿಯ ಪಕ್ಕ ಬಗ್ಗಿ ಅಡಿಯಲ್ಲಿ ಬೆರಳು ತೋರಿಸಿದಳು. ಗಾಲಿಗಳಿಂದ ದೂರ, ಗಾಡಿಯ ನಡುಭಾಗಕ್ಕೆ ಸರಿಯಾಗಿ, ಅಂಗೈಯಷ್ಟು ನೆಲ ಕಪ್ಪಾಗಿ ಹಸಿಯಾಗಿತ್ತು.

‘ನೋಡು. ನೆಲ ಬೆವರಲಿಕತ್ತದ. ದಿನಾ ಇದೇ ಜಾಗಾ’ ಅಂದಳು. ದನಿ ಅವಳದೇ ಅಲ್ಲವೆಂಬಷ್ಟು ಸಣ್ಣದಾಗಿತ್ತು. ‘ನೀರಲ್ಲ ಅದು, ಕೈಗಿ ಜಿಗಿಜಿಗಿ ಹತ್ತತದ. ಅವತ್ತಿನ ಮೊದ್ಲೂ ಹಳೀ ಮನ್ಯಾಗ ಒಲಿ ಬಾಜೂ ಹಿಂಗೇ ಹಸಿ ಆಗಿತ್ತು. ನಾ ಅಂದೆ, ನೆಲದ ಗುಣಾ ಸರಿ ಇಲ್ಲ ಅಂತ. ಯಾರೂ ಕೇಳಲಿಲ್ಲ. ಅದು ಆದಮ್ಯಾಲ ಓಣ್ಯಾಗ ಕೆಲವ್ರು ನಾನೇ ಅದನ್ನ ಕರದಂಗ ನನ್ನ ಮಾರಿ ನೋಡಿದ್ರು. ಅದಕ್ಕ ಈಗ ಯಾರ ಮುಂದೂ ಅಂದಿಲ್ಲ. ಗುಡಿಸಿ ಸಡಾ ಹಾಕಿ, ಶಿವನ ಮ್ಯಾಲ ಭಾರ ಹಾಕಿ ಬಿಡ್ತೀನಿ. ಇಂಥಾ ನೆಲದ ಮ್ಯಾಲಿನ ಮನಿಗಿ ಬಸರಿ ಹುಡುಗಿನ್ನ ಹ್ಯಾಂಗ ತರ್ತಿ?’

ಅಂಗಳ ಕುರುಡಾಗುತ್ತದೆ ಎಂದು ಅವಳು ಇಷ್ಟು ವರ್ಷ ಅಂದದ್ದರ ಅರ್ಥ ಆಗ ನನ್ನ ತಲೆಗೆ ಇಳಿಯಿತು. ಸಗಣಿ ನೀರು ಒಣಗಿದ ನೆಲದ ಮೇಲೆ ಕೂದಲೆಳೆಯ ಬಿರುಕು ಬಂದರೂ ಕಾಣುತ್ತದೆ. ಅವ್ವ ಅಂಗಳವನ್ನು ಬರೀ ಚೆಂದಕ್ಕೆ ಸಾರಿಸುತ್ತಿರಲಿಲ್ಲ. ಭೂಮಿ ಹೇಗಿದೆ ಎಂದು ದಿನವೂ ಓದಿಕೊಳ್ಳುತ್ತಿದ್ದಳು. ನಾವು ಮಲಗಿರುವಾಗ ನಮ್ಮೆಲ್ಲರ ಪರವಾಗಿ ಒಬ್ಬಳೇ ಹೆದರುತ್ತಿದ್ದಳು.

ಕೈ ಚಾಚಿ ಆ ಹಸಿಯನ್ನು ಮುಟ್ಟಿ ಮೂಗಿಗೆ ಹಿಡಿದೆ. ಸಂತೆಯ ಮೀನಿನ ಸಾಲು ಕಣ್ಣ ಮುಂದೆ ಬಂತು. ನಾನು ಇಷ್ಟು ದಿನ ಊರೂರು ಅಲೆದು ಹುಡುಕಿದ್ದು ನನ್ನ ಮನೆಯ ಅಂಗಳದಲ್ಲೇ ಇತ್ತು. ನನಗೆ ಕಾಣಬಾರದೆಂದು ಅವ್ವ ದಿನವೂ ಅದನ್ನು ಅಳಿಸುತ್ತಿದ್ದಳು. ಅವಳಿಗೆ ಹೇಳಬಾರದೆಂದು ನಾನು ದಿನವೂ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ನನಗೆ ನಗು ಬಂತು. ಅವ್ವನಿಗೆ ಅದನ್ನು ಕಂಡು ಕೋಪ ಬಂತು.

‘ಅವ್ವಾ, ಇದೇ ಆ ಎಣ್ಣಿ’ ಎಂದೆ.

‘ನನ್ನ ಸಮಾಧಾನಕ್ಕ ಹೇಳಬ್ಯಾಡ.’

‘ಗಾಡಿ ಅತ್ತಾಗ ಬೇವಿನ ಗಿಡದ ಕಡಿ ಸರಸ್ತೀನಿ. ನೆಲದ್ದಾದ್ರ ಹಸಿ ಇಲ್ಲೇ ಉಳೀತದ. ಗಾಡೀದಾದ್ರ ಗಾಡಿ ಬೆನ್ನ ಹತ್ತಿ ಹೋಗ್ತದ. ನಾಳಿ ಸಡಾ ಹಾಕೂಕಿಂತ ಮೊದ್ಲ ಇಬ್ಬರೂ ನೋಡೂಣು.’

ಆ ದಿನ ವ್ಯಾಪಾರಕ್ಕೆ ಹೋಗಲಿಲ್ಲ. ಅವ್ವ ಉಣ್ಣಲಿಲ್ಲ, ಹಸಿವಿಲ್ಲ ಎಂದಳು. ನನಗೆ ಗೊತ್ತಿತ್ತು ಅದು ಗಾಡಿಯದೇ ಎಂದು. ಆದರೂ ಅವಳ ಹೆದರಿಕೆ ಸೋಂಕಿನಂತೆ ನನಗೂ ತಗುಲಿತ್ತು. ಒಂದು ವೇಳೆ ಹಸಿ ಹಳೆಯ ಜಾಗದಲ್ಲೇ ಕಂಡರೆ? ಬ್ರೇಕ್ ಹೋದರೆ ಮೆಕ್ಯಾನಿಕ್ ಇದ್ದಾನೆ, ಭೂಮಿಗೆ ಯಾರಿದ್ದಾರೆ?

ಬೆಳಗ್ಗೆ ಇಬ್ಬರೂ ಮೊದಲು ಹಳೆಯ ಜಾಗಕ್ಕೆ ಹೋದೆವು. ಅವ್ವ ಕೂತು ಅಂಗೈಯನ್ನು ನೆಲಕ್ಕೆ ಇಟ್ಟು, ಕೂಸಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ನೋಡಿದಳು. ಒಣಗಿತ್ತು. ಬೇವಿನ ಗಿಡದ ಕೆಳಗೆ, ಗಾಡಿಯ ಹೊಟ್ಟೆಯಡಿ, ಅದೇ ಅಂಗೈಯಷ್ಟು ಹಸಿ.

‘ಭೂಮಿ ಹಂಗ ಗಾಡಿ ಹಿಂದ ತಿರಗಂಗಿಲ್ಲ’ ಎಂದು ಉಸಿರು ಬಿಟ್ಟಳು. ‘ಹಂಗಾದ್ರ ರೇಣು ಬರ್ಲಿ.’ ಎದ್ದು ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. ‘ಅಲ್ಲೋ, ಬ್ರೇಕಿಲ್ಲದ ಗಾಡ್ಯಾಗ ನನ್ನ ಮೊಮ್ಮಗಳನ್ನ ತರಾಂವ ಇದ್ದೇನು ನೀ?’

ನೋಡಿದಿರಾ, ಅವಳು ತನ್ನ ಚಿಂತೆ ಇಳಿಸಿ ಒಂದು ಗಳಿಗೆಯೂ ಖಾಲಿ ಕೈಯಲ್ಲಿ ನಿಲ್ಲಲಿಲ್ಲ. ನನ್ನದನ್ನು ಎತ್ತಿಕೊಂಡಳು.

ಉಮರ್ಗಾದ ಅದೇ ಮೆಕ್ಯಾನಿಕ್ ಬಳಿಗೆ ಹೋಗಿ, ಗಾಲಿ ಬಿಡು, ನಡುವೆ ನೋಡು ಎಂದೆ. ಕೆಳಗೆ ತೂರಿದವನು ಹೊರಬಂದು ನಕ್ಕ. ಸೋರುತ್ತಿದ್ದದ್ದು ಬ್ರೇಕ್ ಅಲ್ಲ, ಕ್ಲಚ್ಚು. ನನ್ನ ಗಾಡಿಯಲ್ಲಿ ಎರಡಕ್ಕೂ ಒಂದೇ ಬಾಟಲಿಯಿಂದ ಎಣ್ಣೆ ಹೋಗುತ್ತದೆ. ಕ್ಲಚ್ಚಿನ ಸಣ್ಣ ಸಿಲಿಂಡರಿನ ರಬ್ಬರ್ ಸವೆದು, ಗಾಡಿ ನಿಂತಾಗ ಹನಿ ಹನಿಯಾಗಿ ಜಿನುಗುತ್ತಿತ್ತು. ನಾನು ಬ್ರೇಕ್ ಬ್ರೇಕ್ ಎಂದು ಅತ್ತದ್ದಕ್ಕೆ ಎಲ್ಲರೂ ಬ್ರೇಕನ್ನೇ ನೋಡಿದ್ದರು. ಕ್ಲಚ್ಚಿನ ಕೊಳವೆ ಬಾಟಲಿಯಲ್ಲಿ ಮೇಲಿರುತ್ತದೆ, ಎಣ್ಣೆ ಇಳಿದರೆ ಮೊದಲು ಅದಕ್ಕೇ ತೊಂದರೆ, ಬ್ರೇಕಿನ ಪಾಲು ತಳದಲ್ಲಿ ಉಳಿದಿರುತ್ತದೆ ಎಂದೂ ಹೇಳಿದ. ಅಂದರೆ ನಾನು ಹೆದರಿದಷ್ಟು ಅಪಾಯ ಇರಲೇ ಇಲ್ಲ. ನೆಮ್ಮದಿಯಾಗಬೇಕಿತ್ತು, ಆಯಿತು ಕೂಡ. ಜೊತೆಗೆ ಅಷ್ಟೊಂದು ಹೆದರಿಕೆ ದಂಡವಾಯಿತಲ್ಲ ಎಂದು ಒಳಗೊಳಗೇ ಒಂದಿಷ್ಟು ಬೇಸರವೂ ಆಯಿತು.

ರಬ್ಬರ್ ಹೊಸದಾಯಿತು, ಗೆರೆ ಇಳಿಯುವುದು ನಿಂತಿತು. ರೇಣುವನ್ನು ಕರೆತಂದೆ. ಆ ಇಳಿಜಾರಿನಲ್ಲಿ ಅವಳು ಬಾಗಿಲಿಗೆ ಒರಗಿ ನಿದ್ದೆ ಹೋಗಿದ್ದಳು. ಮುಂದೆ ಏನೂ ಇರಲಿಲ್ಲ. ಆದರೂ ಸುಮ್ಮನೆ ಒಮ್ಮೆ ಬ್ರೇಕ್ ಒತ್ತಿದೆ, ಗಾಲಿಗೆ ಸುದ್ದಿ ಮುಟ್ಟಿತು. ರೇಣು ಎಚ್ಚರಾಗಿ, ‘ಎಮ್ಮಿ ಅಡ್ಡ ಬಂತೇನಪ್ಪಾ?’ ಎಂದಳು. ಇಲ್ಲ ಎಂದೆ. ಅವಳು ಮತ್ತೆ ಕಣ್ಣು ಮುಚ್ಚಿದಳು. ನಾನು ಮತ್ತೊಮ್ಮೆ ಒತ್ತಿದೆ.

ಅಂದಿನಿಂದ ಅವ್ವನ ಸಡಾದಲ್ಲಿ ಒಂದು ಬದಲಾವಣೆಯಾಗಿದೆ. ಗಾಡಿಯ ಅಡಿಯ ನೆಲವನ್ನು ಮಾತ್ರ ಮುಟ್ಟದೆ ಬಿಡುತ್ತಾಳೆ. ‘ನಿನ್ನ ಪಾಲ ನೋಡ್ಕೊ ಬಾ’ ಎಂದು ಕೂಗುತ್ತಾಳೆ. ನಾನು ಬಗ್ಗಿ ನೋಡಿ ಒಣಗಿದೆ ಎಂದ ಮೇಲೆ ಅಲ್ಲಿಗೂ ಎರಚುತ್ತಾಳೆ. ಆಮೇಲೆ ಬಿಸಿಲೇರಿ ನೆಲ ಒಣಗಿದಾಗ ಅವಳ ಪಾಲನ್ನು ಇಬ್ಬರೂ ನೋಡುತ್ತೇವೆ, ಬಿರುಕು ಇದೆಯೋ ಎಂದು. ಫರಸಿಯ ಮಾತು ನಾನು ಮತ್ತೆ ಎತ್ತಿಲ್ಲ.

ಮೊನ್ನೆ ಮುಂಜಾನೆ ಕೂಗು ಬೇರೆಯಾಗಿತ್ತು. ಓಡಿ ಬಂದೆ. ಗಾಡಿ ಬೇವಿನ ಕೆಳಗಿತ್ತು. ಗಾಡಿಯೇ ಇಲ್ಲದ ಹಳೆಯ ಜಾಗದಲ್ಲಿ ಅಂಗೈಯಷ್ಟು ಹಸಿ. ಅವ್ವ ಗೋಡೆ ಹಿಡಿದು ನಿಂತಿದ್ದಳು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಬಗ್ಗಿದೆವು.

ಹೊಸ್ತಿಲಲ್ಲಿ ರೇಣು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ನಿಂತಳು. ‘ಏನ್ ಹುಡಕ್ತೀರಿ ಇಬ್ಬರೂ? ಈಗ ಇವಂಗ ಅಲ್ಲೇ ಉಚ್ಚಿ ಹೊಯ್ಸೀನಿ’ ಎಂದಳು.

ಅವ್ವ ಕೂಸನ್ನು ನೋಡಿದಳು, ನೆಲ ನೋಡಿದಳು. ಬಕೀಟು ಎತ್ತಿಕೊಂಡು ಅಂಗಳಕ್ಕೆಲ್ಲ ಸಡಾ ಹಾಕಿದಳು. ಅಂಗೈಯಷ್ಟು ಆ ಜಾಗವನ್ನು ಮಾತ್ರ ಹಾಗೇ ಬಿಟ್ಟಳು.